ಗ್ಯಾಸು ತೀರಿಸಿದವರು ಯಾರು

ನಮ್ಮ ಮಿರಜದ ಮನೆಯಲ್ಲಿ ನಾನು ಮಾಳಿಗೆಯ ಮೇಲೆ ಇರುತ್ತಿದ್ದೆ. ತಮ್ಮ, ಅವನ ಹೆಂಡತಿ, ಮಗಳು ಕೆಳಗೆ. ನಡುವೆ ಇದ್ದದ್ದು ಅಜ್ಜನ ಕಾಲದ ಸಾಗವಾನಿ ಹಲಗೆ. ಹಲಗೆಗಳ ನಡುವೆ ವಯಸ್ಸಿಗೆ ತಕ್ಕ ಸಂದುಗಳು. ಆ ಸಂದುಗಳಿಂದ ಕೆಳಗಿನ ಒಗ್ಗರಣೆಯ ವಾಸನೆ, ಟೀವಿಯ ಮರಾಠಿ, ತಮ್ಮನ ಕೆಮ್ಮು ಎಲ್ಲವೂ ಮೇಲೆ ಬರುತ್ತಿದ್ದವು. ಮೇಲಿನಿಂದ ಕೆಳಗೆ ಕಳಿಸುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ. ಕಸ ಗುಡಿಸಿದರೆ ಅವರ ತಾಟಿನಲ್ಲಿ ಧೂಳು ಬಿದ್ದೀತೆಂದು ಒದ್ದೆ ಬಟ್ಟೆಯಿಂದಲೇ ಒರೆಸುತ್ತಿದ್ದೆ.

ಹೀಗೆ ಮೇಲೆ ಬರುತ್ತಿದ್ದ ಸದ್ದುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಗ್ಯಾಸು ತೀರಿದ ದಿನದ ಜಗಳ. ಮೊದಲು ಲೈಟರಿನ ಟಕ್ ಟಕ್ ಸದ್ದು, ಆಮೇಲೆ ಸಿಲಿಂಡರನ್ನು ಅಲ್ಲಾಡಿಸಿದ ಸದ್ದು, ಆಮೇಲೆ ತಮ್ಮನ ಹೆಂಡತಿಯ ದನಿ.

"ತೀರ್ತು ನೋಡ್ರಿ!"

"ಮೊನ್ನೆ ಹಚ್ಚಿದ್ದಲ್ಲೇನು, ಇಷ್ಟ ಲಗೂ ಹೆಂಗ ತೀರತದ?"

"ನನ್ನ ಕೇಳ್ತೀರಿ? ಅಂಗಡ್ಯಾಂದ ಬಂದ್ರ ಚಹಾ, ಅಂಗಡಿಗಿ ಹೊಂಟ್ರ ಚಹಾ, ಯಾವನರ ದಲಾಲಿ ಬಂದ್ರ ಅವಗೂ ಚಹಾ. ಗ್ಯಾಸು ಮತ್ತೇನು ಉಳದೀತ್ರಿ?"

"ಚಹಾಕ್ಕ ಎಷ್ಟ ಹೋಗತದ ಬಿಡ. ನೀ ಕಡ್ಲಿ ನೆನಿ ಹಾಕದನ ಕುಕ್ಕರ್ ಏರಸ್ತಿ. ಅದು ಮಿರಜ ಸ್ಟೇಶನ್ನಿನ್ಯಾಗ ಗಾಡಿ ನಿಂತಂಗ ಸೀಟಿ ಹೊಡಕೋತನ ಕುಂದರತದ."

"ಮೀ ನಾಹೀ, ಮೀ ನಾಹೀ," ಎಂದು ಮಗಳು, ಯಾರೂ ಕೇಳುವ ಮೊದಲೇ, ನಾನಲ್ಲವೆಂದು ಮರಾಠಿಯಲ್ಲಿ ಕೈ ತೊಳೆದುಕೊಳ್ಳುತ್ತಿದ್ದಳು.

"ನೀ ನಾಹೀ ಏನ? ತಲಿ ತೊಳಕೊಳ್ಳಾಕ ಪಾತೇಲಿಗಟ್ಟಲೆ ಬಿಸಿನೀರು ನಿಮ್ಮಜ್ಜಿ ತೊಗೋತಿದ್ಲೇನು?" ಎಂದು ಅವಳವ್ವ ಸಿಡುಕುತ್ತಿದ್ದಳು.

ಆ ಕೋರ್ಟಿನಲ್ಲಿ ಎಲ್ಲರೂ ಆರೋಪಿಗಳು, ಎಲ್ಲರೂ ವಕೀಲರು; ಜಡ್ಜ್ ಮಾತ್ರ ಯಾರೂ ಇಲ್ಲ. ನಾನು ಮೇಲೆ ಟಿಕೀಟಿಲ್ಲದೆ ನಾಟಕಕ್ಕೆ ನುಗ್ಗಿದವಳ ಹಾಗೆ ಉಸಿರು ಹಿಡಿದು ಕೂತು ಕೇಳುತ್ತಿದ್ದೆ. ಎಲ್ಲರ ಹೆಸರೂ ಬರುತ್ತಿದ್ದವು. ಬೆಳಿಗ್ಗೆ ಹಾಲು ಉಕ್ಕಿಸಿದವರು, ಸಣ್ಣ ಉರಿಯ ಬದಲು ದೊಡ್ಡ ಉರಿ ಇಟ್ಟವರು, ಫೋನಿನಲ್ಲಿ ಮಾತಾಡುತ್ತ ಹೆಂಚು ಕಾಯಲು ಬಿಟ್ಟವರು. ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಬರುವುದಾದರೂ ಹೇಗೆ? ನನ್ನ ಒಲೆಯೇ ಬೇರೆ.

ಈ ಬೇರೆ ಒಲೆ ಯಾರೂ ಜಗಳವಾಡಿ ಹೂಡಿದ್ದಲ್ಲ. ಅವ್ವನಿಗೆ ಲಿಂಗಪೂಜೆ ಮುಗಿಯುವ ತನಕ ಅಡಿಗೆಮನೆಯಲ್ಲಿ ಇನ್ನೊಬ್ಬರು ಕಾಲಿಡಬಾರದು. ಸೊಸೆಗೆ ಬೆಳಗಾಗುವಷ್ಟರಲ್ಲಿ ಗಂಡನ ಬುತ್ತಿ ಆಗಬೇಕು. ಒಂದೇ ಕಟ್ಟೆಯ ಮುಂದೆ ಇಬ್ಬರೂ ಮುಖ ಗಂಟಿಕ್ಕಿಕೊಳ್ಳುವುದು ಬೇಡವೆಂದು ಅವ್ವ ತನ್ನ ಹೆಸರಿನಲ್ಲಿ ಇನ್ನೊಂದು ಗ್ಯಾಸ್ ಕನೆಕ್ಷನ್ ತೆಗೆಸಿ ಮಾಳಿಗೆಗೆ ಹೋದಳು. ಗ್ಯಾಸಿನ ಶೆಗಡಿಯ ಹಿಂದೆ ಹೋದ ಸಾಮಾನುಗಳಲ್ಲಿ, ಮದುವೆಯಾಗದ ಮಗಳಾದ ನಾನೂ ಒಂದು. ಆಮೇಲೆ ಅವ್ವ ತೀರಿಕೊಂಡಳು. ಕನೆಕ್ಷನ್ ನನ್ನ ಹೆಸರಿಗೆ ಬಂತು. ಮಣ್ಣಿಗೆ ಬಂದ ಬೀಗರು ಬಿಜ್ಜರೆಲ್ಲ ಹೋದ ಮೇಲೆ ನಾನು ಒಬ್ಬಳೇ ಮೆಟ್ಟಿಲು ಹತ್ತಿದೆ. "ಇನ್ನ ಕೆಳಗ ಉಣ್ಣು ಬಾ" ಎಂದು ಯಾರೂ ಅನ್ನಲಿಲ್ಲ. "ಬರಲೇನು?" ಎಂದು ನಾನೂ ಕೇಳಲಿಲ್ಲ. ನಾನು ಕೇಳಲಿ ಎಂದು ಅವರು ಸುಮ್ಮನಿದ್ದರೋ, ಅವರು ಕರೆಯಲಿ ಎಂದು ನಾನು ಸುಮ್ಮನಿದ್ದೆನೋ, ಅಂತೂ ಎರಡೂ ಕಡೆಯವರು ಬಹಳ ಮರ್ಯಾದೆಯಿಂದ ಕಾಯುತ್ತ ಉಳಿದೆವು. ಮರ್ಯಾದೆಯಲ್ಲಿ ವರ್ಷಗಳು ಬಹಳ ಬೇಗ ಹೋಗುತ್ತವೆ.

ಒಬ್ಬಳ ಅಡಿಗೆಗೆ ಎಷ್ಟು ಬೆಂಕಿ ಬೇಕು? ಹತ್ತಿರದ ಬೇಡಗ ಹಳ್ಳಿಯಿಂದ ಬಜಾರಕ್ಕೆ ಬರುವ ಹೆಣ್ಣುಮಗಳೊಬ್ಬಳ ಹತ್ತಿರ ಕಡಕ ರೊಟ್ಟಿಯ ಕಟ್ಟು ತಂದು ಡಬ್ಬಿ ತುಂಬಿಸಿಟ್ಟರೆ ನನ್ನ ಊಟ ಹೆಚ್ಚುಕಡಿಮೆ ಮುಗಿದಂತೆಯೇ. ಶೇಂಗಾ ಹಿಂಡಿ, ಮೊಸರು, ಒಂದು ಹಸಿ ಈರುಳ್ಳಿ. ರೊಟ್ಟಿ ಮುರಿದಾಗ ಆಗುವ ಸದ್ದು ಖಾಲಿ ಕೋಣೆಯಲ್ಲಿ ಸ್ವಲ್ಪ ಜೋರಾಗಿಯೇ ಕೇಳುತ್ತಿತ್ತು. ಅದಕ್ಕೆ ರೇಡಿಯೋ ಹಚ್ಚಿ ಮುರಿಯುತ್ತಿದ್ದೆ. ನನ್ನ ಸಿಲಿಂಡರು ತೀರುವ ಮಾತೇ ಇರಲಿಲ್ಲ. ಹೀಗಾಗಿ ಕೆಳಗಿನದು ತೀರಿದಾಗಲೆಲ್ಲ ತಮ್ಮ ಮೇಲೆ ಬಂದು, "ಅಕ್ಕಾ, ನಿಂದು ಒಯ್ಯತೇನಿ, ನಮ್ಮದು ಬಂದ ಕೂಡ್ಲೆ ಮ್ಯಾಲ ತಂದ ಇಡತೇನಿ" ಎಂದು ಹೆಗಲ ಮೇಲೆ ಹೊತ್ತು ಇಳಿಯುತ್ತಿದ್ದ. ನನ್ನ ಹೆಸರಿನ ಗ್ಯಾಸು ಕೆಳಗೆ ಉರಿಯುತ್ತದೆ ಎಂಬುದು ನನಗೆ ಒಳಗೊಳಗೇ ಒಂದು ಹೆಮ್ಮೆ. ಊಟಕ್ಕೆ ನಾನು ಇಲ್ಲದಿದ್ದರೂ ನನ್ನ ಬೆಂಕಿ ಇರುತ್ತಿತ್ತಲ್ಲ.

ಸಿಲಿಂಡರು ಮೇಲೆ ಇದ್ದಾಗ ಮಾತ್ರ ನನಗೆ ನೆಮ್ಮದಿ ಇರುತ್ತಿರಲಿಲ್ಲ. ಚಿಂತೆ ಮಾಡುವುದರಲ್ಲಿ ನಾನು ಅವ್ವನನ್ನೂ ಮೀರಿಸಿದವಳು. ರೆಗ್ಯುಲೇಟರು ಬಂದ್ ಮಾಡಿದ್ದೇನೆಯೇ ಎಂದು ನೋಡಿ, ಬೀಗ ಹಾಕಿ, ಬೀಗ ತೆಗೆದು, ಮತ್ತೆ ನೋಡಿ, ಮೂಗು ಹತ್ತಿರ ಒಯ್ದು ಮೂಸಿ, ಬಸ್‌ಸ್ಟ್ಯಾಂಡಿಗೆ ಹೋಗಿ, ಸಾಂಗ್ಲಿಯ ಬಸ್ಸು ಹತ್ತಿ ಕೂತ ಮೇಲೆ, "ಮೂಸಿದ್ದೇನೋ ಹೌದು, ಆದರೆ ನನಗೆ ನೆಗಡಿ ಆಗಿದೆಯಲ್ಲ" ಎಂದು ನೆನಪಾಗುತ್ತಿತ್ತು. ನಡುದಾರಿಯ ವಿಶ್ರಾಮಬಾಗ ಬರುವ ತನಕ ಮನಸ್ಸಿನಲ್ಲಿ ನಮ್ಮ ಓಣಿಯೆಲ್ಲ ಉರಿದು ಬೂದಿಯಾಗಿರುತ್ತಿತ್ತು.

ನಾನು ಸಾಂಗ್ಲಿಗೆ ಹೋಗಬೇಕಾಗಿ ಬಂದದ್ದೂ ಆಗಲೇ. ಅದು ಎಲ್ಲವೂ ಒಂದರಲ್ಲೊಂದು ಸೇರಿಹೋಗುತ್ತಿದ್ದ ಕಾಲ. ಮಿರಜದ ಬಜಾರದಲ್ಲಿ ವ್ಯಾಪಾರಸ್ಥರೇ ಕೂಡಿ ಕಟ್ಟಿದ, ನಾನು ಕೆಲಸಕ್ಕಿದ್ದ ಸಣ್ಣ ಬ್ಯಾಂಕು ದೊಡ್ಡದೊಂದು ಬ್ಯಾಂಕಿನಲ್ಲಿ ವಿಲೀನವಾಯಿತು. ನಮ್ಮ ಶಾಖೆ ಮುಚ್ಚಿತು. ನನ್ನನ್ನು ಸಾಂಗ್ಲಿಯ ಶಾಖೆಗೆ ಹಾಕಿದರು. ಎರಡೂ ಊರುಗಳು ಒಂದೇ ಮಹಾನಗರಪಾಲಿಕೆಯಾಗಿ ಎಷ್ಟೋ ವರ್ಷವಾಗಿದ್ದರೂ ಮಿರಜದವರು ಈಗಲೂ "ಸಾಂಗ್ಲಿಗಿ ಹೋಗಿ ಬರತೇನಿ" ಎಂದು ಪರದೇಶಕ್ಕೆ ಹೊರಟವರ ದನಿಯಲ್ಲೇ ಹೇಳುವುದು. ಅಲ್ಲಿನ ಶಾಖೆಯಲ್ಲಿ ಗೋಡೆಗೆ ಮೊಳೆಗಳ ಸಾಲು, ಒಂದೊಂದು ಮೊಳೆಗೆ ಒಬ್ಬೊಬ್ಬರ ಚಹಾದ ಕಪ್ಪು. ನನಗೆ ಮೊಳೆ ಇರಲಿಲ್ಲ. ವಿಲೀನದ ಆದೇಶದಲ್ಲಿ ಮೊಳೆಯ ವಿಷಯ ಬರೆದಿರಲಿಲ್ಲವೆಂದು ಕಾಣುತ್ತದೆ. ನಾನು ಕಪ್ಪನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಚೀಲದಲ್ಲೇ ಮನೆಗೆ ತರುತ್ತಿದ್ದೆ.

ಅದೇ ಹೊತ್ತಿಗೆ ಗ್ಯಾಸಿನ ದರವೂ ಏರತೊಡಗಿತು. ಸಬ್ಸಿಡಿಯ ಸಿಲಿಂಡರು ಒಂದು ಮನೆಗೆ ವರ್ಷಕ್ಕೆ ಇಂತಿಷ್ಟೇ, ಅದರ ಮೇಲೆ ಬೇಕಾದರೆ ಪೂರಾ ದರ ಎಂದಾಯಿತು. ಬಸ್ಸಿನಲ್ಲಿ ಕೂತರೆ ಅದೇ ಮಾತು. ದಿಲ್ಲಿಯವರದೇ ತಪ್ಪು ಎನ್ನುವವರು, ಅರಬರದು ಎನ್ನುವವರು, ಮನೆಯ ಸಿಲಿಂಡರಿನ ಮೇಲೆ ರಿಕ್ಷಾ ಓಡಿಸುವವರದು, ಹೋಟೆಲ್ಲಿನವರದು ಎನ್ನುವವರು. ಒಬ್ಬ ಹಿರಿಯರಂತೂ, "ಎಲ್ಲಾ ಹೆಣ್ಣಮಕ್ಕಳು ಟೀವಿ ನೋಡಕೋತ ಅಡಿಗಿ ಮಾಡಾಕ ಹತ್ಯಾರ, ಅದಕ್ಕ" ಎಂದು ದೇಶದ ಇಂಧನ ಸಮಸ್ಯೆಯನ್ನು ಬಸ್ಸು ವಿಶ್ರಾಮಬಾಗ ಮುಟ್ಟುವ ಮೊದಲೇ ಬಗೆಹರಿಸಿ ಇಳಿದುಹೋದರು. ನಾನು ಮನಸ್ಸಿನಲ್ಲೇ ನನ್ನ ಪಾಲಿನ ಅಪರಾಧ ಲೆಕ್ಕ ಹಾಕಿದೆ. ಏನೂ ಸಿಗಲಿಲ್ಲ. ಇಷ್ಟು ದೊಡ್ಡ ಜಗಳದಲ್ಲಿ ನನ್ನ ಕೈಯೇ ಇಲ್ಲವಲ್ಲ ಎಂದು ಒಂದು ಥರ ಬೇಸರವಾಯಿತು.

ಇನ್ನೊಂದು ಸುದ್ದಿಯೂ ಬಂತು. ಒಂದೇ ವಿಳಾಸ, ಒಂದೇ ಅಡ್ಡಹೆಸರು ಇದ್ದು ಎರಡು ಕನೆಕ್ಷನ್ ಇದ್ದರೆ ಒಂದನ್ನು ತೆಗೆಯುತ್ತಾರೆ. ನಿಜವಾಗಿಯೂ ಒಲೆ ಬೇರೆ ಇದ್ದರೆ ಮಾತ್ರ ಎರಡೂ ಉಳಿಯುತ್ತವೆ. ನೋಡಲು ಮನೆಗೇ ಬರುತ್ತಾರೆ.

ಆ ಸಂಜೆ ತಮ್ಮ ಮೇಲೆ ಬಂದ. ಸಿಲಿಂಡರು ಒಯ್ಯಲು ಬಂದಿರಲಿಲ್ಲ. ಸುಮ್ಮನೆ ಬಂದು ಅವ್ವನ ಮಣೆಯ ಮೇಲೆ ಕೂತ.  ಒಂದು ಒಲೆ ತೆಗೆಯುತ್ತಾರೆಂದ ಮೇಲೆ ಅವನು ಏನು ಹೇಳಬೇಕು? "ಇನ್ನ ಮ್ಯಾಲೇನ ಐತಿ, ಕೆಳಗ ಬಾ" ಎಂದೇ ಹೇಳಬೇಕು. ನಾನು "ಏ, ನನ್ನ ಸಲುವಾಗಿ ನಿಮಗ್ಯಾಕ ತ್ರಾಸ" ಎಂದು ಒಮ್ಮೆ ಬೇಡವೆನ್ನುವುದು, ಎರಡನೆಯ ಸಲ ಒಪ್ಪಿಕೊಳ್ಳುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೆ.

"ಅಕ್ಕಾ, ಗ್ಯಾಸಿನವರು ಬಂದ್ರ ನಮ್ಮ ಒಲಿ ಬ್ಯಾರೆ ಅಂತ ಖಡಾಖಡಿ ಹೇಳಬೇಕ ನೋಡು," ಎಂದ.

"ಹೌದಲ್ಲೋ, ಬ್ಯಾರೇನ ಐತಿ."

"ಐತಿ ಖರೆ. ಆದ್ರ ನೀ ಹೆದರಪುಕ್ಕಿ. ಅಂವ ಏನರ ಅಡ್ಡ ಕೇಳಿದ್ರ ಗಡಬಡಿಸಿ ಬಿಡತಿ. ನಿನ್ನ ಕನೆಕ್ಷನ್ ಹೋದ್ರ ನಮಗ ಎಲ್ಲಾ ಪೂರಾ ದರಕ್ಕ ಬೀಳತಾವ."

ನಾನು ಹೂಂ ಎಂದೆ. ಗೊತ್ತುಮಾಡಿಕೊಂಡ ಮಾತುಗಳನ್ನು ಆಡುವ ಪ್ರಸಂಗವೇ ಬರಲಿಲ್ಲ. ಅವನು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಇಲ್ಲಿ ನೋಡಿದ್ರ ಅಡಿಗಿ ಮಾಡೋ ಮನಿ ಅನಸಂಗಿಲ್ಲಲ್ಲೇ ಅಕ್ಕಾ. ಏನರ ಮಾಡು," ಎಂದ.

ಅಂದಿನಿಂದ ನಮ್ಮ ಮಾಳಿಗೆಯಲ್ಲಿ ಒಂದು ಬೇರೆಯೇ ನಾಟಕದ ತಯಾರಿ ನಡೆಯಿತು. ನಾನು ಒಬ್ಬಳೇ ಇದ್ದೇನೆ, ಒಬ್ಬಳೇ ಬೇಯಿಸಿ ಒಬ್ಬಳೇ ಉಣ್ಣುತ್ತೇನೆ ಎಂದು ಸರಕಾರಕ್ಕೆ ತೋರಿಸಿಕೊಡಬೇಕು. ಇಷ್ಟು ವರ್ಷ ಯಾರಿಗೂ ಕಾಣದಿರಲಿ ಎಂದು ರೇಡಿಯೋದ ಸದ್ದಿನಲ್ಲಿ ಮುಚ್ಚಿಟ್ಟುಕೊಂಡಿದ್ದನ್ನು ಈಗ ಪಾತ್ರೆ ಪಗಡಗಳ ಸಮೇತ ಪ್ರದರ್ಶನಕ್ಕೆ ಇಡುವುದು. ಬೆಳ್ಳುಳ್ಳಿಯ ಗೊಂಚಲು ತೂಗುಹಾಕಿದೆ. ತಮ್ಮನ ಹೆಂಡತಿ ಎಂದೂ ಇಲ್ಲದ ಉತ್ಸಾಹದಿಂದ ತನ್ನ ಹಳೆಯ ಮಸಾಲೆ ಡಬ್ಬಿ, ಕರಿ ಹಿಡಿದ ಬಾಣಲೆ, ತಳ ಸೀದ ಪಾತೇಲಿ ತಂದು ಜೋಡಿಸಿದಳು.

"ಅಕ್ಕಾರ, ಗ್ವಾಡಿಗಿ ಒಂಚೂರ ಒಗ್ಗರಣಿ ಸಿಡಿಸ್ರಿ. ಇಷ್ಟ ಸ್ವಚ್ಛ ಇದ್ರ ಯಾರ ನಂಬತಾರ್ರಿ?"

ನನ್ನ ಬದುಕಿಗೆ ಕಲೆ ಸಾಲದು ಎಂದು ಮೊದಲ ಸಲ ಗೊತ್ತಾಯಿತು. ಗೋಡೆಗೆ ಎಣ್ಣೆ ಸಿಡಿಸಿದೆ. ಅದು ಸರಿಯಾಗಿ ಕಾಣಲಿಲ್ಲವೆಂದು ಅಂದೇ ಒರೆಸಿದೆ. ಒರೆಸಿದ್ದು ಕಂಡರೆ ಅನುಮಾನ ಬಂದೀತೆಂದು ಮತ್ತೆ ಸಿಡಿಸಿದೆ.

ಗ್ಯಾಸಿನವನು ಬಂದದ್ದು ಒಂದು ರವಿವಾರ, ಊಟದ ಮೊದಲು. ಹೇಳದೆ ಕೇಳದೆ ಬಂದ. ಹಿಂದಿನ ದಿನವಷ್ಟೇ ಕೆಳಗಿನ ಸಿಲಿಂಡರು ತೀರಿ, ಅಭ್ಯಾಸಬಲದಿಂದ ತಮ್ಮ ನನ್ನದನ್ನು ಒಯ್ದಿದ್ದ. ಬೆಳ್ಳುಳ್ಳಿ ಇತ್ತು, ಬಾಣಲೆ ಇತ್ತು, ಗೋಡೆಯ ಮೇಲೆ ಒಗ್ಗರಣೆ ಇತ್ತು. ಸಿಲಿಂಡರು ಇರಬೇಕಾದ ಜಾಗದಲ್ಲಿ ನೆಲದ ಮೇಲೆ ತುಕ್ಕಿನ ಒಂದು ಉಂಗುರ ಮಾತ್ರ ಇತ್ತು. ರಬ್ಬರಿನ ನಳಿಕೆ ಗಾಳಿಯಲ್ಲಿ ತೂಗುತ್ತಿತ್ತು.

ನಡುವಯಸ್ಸಿನ ಮನುಷ್ಯ, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಕೊರಳಲ್ಲಿ ಬೆವರು ಒರೆಸುವ ಟವೆಲ್. ಬಾಗಿ ನೋಡಿ, ಮರಾಠಿಯಲ್ಲಿ ಕೇಳಿದ: "ಕಿಚನ್ ವೇಗಳಂ ಆಹೇ ಕಾ?"

ಬೇರೆಯೇ, ಪೂರಾ ಬೇರೆ, ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಮರಾಠಿ ನನಗೆ ಬ್ಯಾಂಕಿನ ಭಾಷೆ. ಅದರಲ್ಲಿ ಏನು ಹೇಳಿದರೂ ಕೌಂಟರಿನ ಹಿಂದೆ ಕೂತು ಹೇಳಿದ ಹಾಗೆ, ಮೈಗೆ ತಾಗುವುದಿಲ್ಲ. ನನ್ನ ಹಿಂದೆ ನಿಂತ ತಮ್ಮ, ಸಿಲಿಂಡರು ತೀರಿದೆ, ತುಂಬಿಸಲು ಒಯ್ದಿದ್ದಾರೆ ಎಂದ. ಇಷ್ಟಕ್ಕೇ ಎಲ್ಲವೂ ಮುಗಿಯಬೇಕಾಗಿತ್ತು. ಆ ಮನುಷ್ಯ ಪೆನ್ನಿನ ಟೊಪ್ಪಿಗೆ ತೆಗೆದದ್ದೂ ಆಗಿತ್ತು.

ಅಷ್ಟರಲ್ಲಿ ತಮ್ಮನ ಹೆಂಡತಿ ಚಹಾ ತಂದಳು. ಮನೆಗೆ ಬಂದವನು ಮನೆಯ ಗ್ಯಾಸನ್ನೇ ಕಿತ್ತುಕೊಳ್ಳಲು ಬಂದಿದ್ದರೂ ಚಹಾ ಕುಡಿಯದೆ ಹೋಗಬಾರದು, ಇದು ನಮ್ಮಲ್ಲಿ ರೂಢಿ. ಬಾಗಿಲಲ್ಲಿ ನನ್ನನ್ನು ಸರಿಸುತ್ತ ಅವಳು, "ಅಕ್ಕಾರ, ಒಂಚೂರ ಈ ಕಡೆ ಸರೀರಿ, ಚೆಲ್ಲತದ" ಎಂದಳು.

ಆ ಮನುಷ್ಯ ತಲೆಯೆತ್ತಿದ. "ಅಯ್ಯ, ಕನ್ನಡದವರೇನ್ರಿ ನೀವು? ಮೊದಲ ಹೇಳೂದಲ್ಲೇನು! ನಾ ಬಾಯಿ ಒಣಗಿಸ್ಕೊಂಡು ಮರಾಠಿ ಮಾತಾಡಾಕ ಹತ್ತೇನಿ."

ಪೆನ್ನು ಕಿಸೆಗೆ ಹೋಯಿತು. ಅವನು ಅವ್ವನ ಮಣೆಯ ಮೇಲೆ ಆರಾಮಾಗಿ ಕೂತ. ಬಸಿಗೆ ಚಹಾ ಸುರಿದುಕೊಂಡು ತಮ್ಮನ ಹೆಂಡತಿಯ ತವರು ಯಾವುದೆಂದು ಕೇಳಿದ.

"ಖಂಡೇರಾಜುರಿ ರೀ."

"ಹೌದಾ! ನಮ್ಮ ಮಾವಶೀನ ಅಲ್ಲೇ ಕೊಟ್ಟದ. ಮುಂದಿನ ಸೋಮವಾರ ಅಲ್ಲೇ ಹೊಂಟೇನಿ ನಾ. ನಿಮ್ಮವ್ವಾರಿಗಿ ಏನರ ಹೇಳೂದಿದ್ರ ಹೇಳ್ರಿ ಮತ್ತ."

ತಮ್ಮನ ಹೆಂಡತಿ ಸೆರಗು ಸರಿಮಾಡಿಕೊಂಡಳು. ಅಲ್ಲಿಗೆ ಅವನು ಗ್ಯಾಸಿನವನಾಗಿ ಉಳಿಯಲಿಲ್ಲ, ತವರಿನ ಕಡೆಯ ನೆಂಟ, ಪಾವ್ಹಣನಾದ. ತಮ್ಮ ಹಿಂದಿನಿಂದ ಕೆಮ್ಮಿ ಎಚ್ಚರಿಸುತ್ತಿದ್ದ. ಆ ಮನುಷ್ಯ ಬಸಿ ಕೆಳಗಿಟ್ಟು ಕೋಣೆಯನ್ನು ಇನ್ನೊಮ್ಮೆ ನೋಡಿದ. ಈ ಸಲ ಸರಕಾರದ ಕಣ್ಣಿನಿಂದ ನೋಡಲಿಲ್ಲ. ಒಂದು ಲೋಟ, ಒಂದು ತಾಟು, ರೊಟ್ಟಿಯ ಡಬ್ಬಿ, ರೇಡಿಯೋ.

"ಅಲ್ರೀ ತಂಗಿ," ಎಂದು ಅವಳನ್ನು ಕೇಳಿದ, "ಕೆಳಗ ನೀವಿಷ್ಟ ಮಂದಿ ಇದ್ದು, ಇವರ ಒಬ್ಬರ ಮ್ಯಾಲ ಕುಂತು ಉಣತಾರೇನ್ರಿ?"

ಅವನ ದನಿಯಲ್ಲಿ ಚುಚ್ಚುವುದು ಏನೂ ಇರಲಿಲ್ಲ. ಕೇಳಬೇಕೆನಿಸಿತು, ಕೇಳಿದ. ಹೌದು ಎಂದರೆ ಮುಗಿಯಿತು. ಎರಡೂ ಕನೆಕ್ಷನ್ ಉಳಿಯುತ್ತವೆ. ನಾನು ಬಾಯಿ ತೆರೆದೆ. "ಹೌದ್ರಿ, ಒಬ್ಬಾಕೀನ" ಎನ್ನುವುದು ಕನ್ನಡದಲ್ಲಿ ಬರಲಿಲ್ಲ.  ತಮ್ಮನ ಹೆಂಡತಿ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಮುಂದಿನ ಸೋಮವಾರ ಖಂಡೇರಾಜುರಿಯ ಕಟ್ಟೆಯ ಮೇಲೆ ಏನೇನು ಮಾತಾಗಬಹುದೆಂದು ಅವಳಿಗೆ ಅಲ್ಲೇ ಕಂಡಿರಬೇಕು.

"ಅಯ್ಯ ಶಿವನ! ಹಂಗ ಹೆಂಗ ಬಿಡತೇವ್ರಿ?" ಎಂದಳು. "ಅಕ್ಕಾರು ನಮ್ಮ ಕೂಡನ ಉಣತಾರ. ಎರಡೂ ಹೊತ್ತು. ಇದು ಬರೇ ಚಹಾದ ಒಲಿ."

ತಮ್ಮನ ಕೆಮ್ಮು ನಿಂತುಹೋಯಿತು.

"ಮತ್ತ ನಾ ಏನ ಬರೀಲ್ರಿ?" ಎಂದು ಅವನು ಕೇಳಿದ. ಅವನಿಗೂ ಕಷ್ಟವಾದ ಹಾಗೆ ಕಂಡಿತು. ಆದರೆ ಆಡಿದ ಮಾತು ಆಡಿ ಆಗಿತ್ತು. ಅವಳು ಸೆಟೆದು ನಿಂತು, "ಇದ್ದದ್ದ ಬರೀರಿ" ಎಂದಳು. ಇಲ್ಲದ್ದನ್ನು ಇಷ್ಟು ಧೈರ್ಯದಿಂದ ಇದ್ದದ್ದು ಎಂದು ಯಾರೂ ಹೇಳಿದ್ದನ್ನು ನಾನು ನೋಡಿಲ್ಲ.

ಅವನು ಹೋದ ಮೇಲೆ ತಮ್ಮ ಮೆಟ್ಟಿಲ ಮೇಲೆಯೇ ಕೂತುಬಿಟ್ಟ.

"ಏನ ಮಾಡಿದ್ಯೇ ಮಾರಾಯ್ತಿ? ಹೌದು ಅಂದಿದ್ರ ಮುಗೀತಿತ್ತಲ್ಲ!"

"ಹೆಂಗ ಅನ್ಲಿ? ನಾದಿನಿಗಿ ಅನ್ನ ಹಾಕೂದಿಲ್ಲ ಅಂತ ನನ್ನ ತವರಿಗೆ ಸುದ್ದಿ ಮುಟ್ಟಸ್ಲೇನು? ನೀವರ ಅನಬೇಕಿತ್ತ, ನಿಮಗೇನ ಬಾಯಿ ಇರಲಿಲ್ಲೇನು?"

  ಆಮೇಲೆ ಅವಳು ಖಾಲಿ ಕಪ್ಪು ಎತ್ತಿಕೊಳ್ಳುತ್ತ ನನ್ನ ಕಡೆ ನೋಡದೆ ಹೇಳಿದಳು: "ಊಟಕ್ಕ ಬರ್ರಿ ಅಕ್ಕಾರ. ತಾಟ ಹಾಕತೇನಿ."

ಇಷ್ಟು ವರ್ಷ ಕಾದ ಕರೆ ಬಂದದ್ದು ಹೀಗೆ. ಒಮ್ಮೆ ಬೇಡವೆನ್ನುವುದಕ್ಕೂ ಎಡೆಯಿಲ್ಲದೆ ನಾನು ಹಿಂದೆಯೇ ಇಳಿದು ಹೋದೆ.

ಇಲ್ಲಿಗೆ ನನ್ನ ಒಂಟಿತನ ಮುಗಿಯಿತೆಂದು ಬರೆದರೆ ನನಗೂ ಹಿತ, ಓದುವವರಿಗೂ ಹಿತ. ಹಾಗೆ ಆಗಲಿಲ್ಲ. ಕೆಳಗೆ ನನಗೆ ಹೂಬಳ್ಳಿ ಕೊರೆದ ತಾಟು ಇಟ್ಟರು. ಅದು ಪಾವ್ಹಣರ ತಾಟು. ಮೊದಲು ನನಗೆ ಬಡಿಸುತ್ತಿದ್ದರು. ಮೆತ್ತಗಿನ ರೊಟ್ಟಿ ಹುಡುಕಿ ನನಗೆ ಹಾಕುತ್ತಿದ್ದರು. "ಸಾಕೇನ್ರಿ ಅಕ್ಕಾರ?" "ಸಾಕ, ಸಾಕ." ನಾನು ಕೂತಿದ್ದಾಗ ತಮ್ಮ ಅಂಗಿ ಹಾಕಿಕೊಂಡು ಉಣ್ಣುತ್ತಿದ್ದ. ತಮ್ಮನ ಮಗಳು ಟೀವಿಯ ದನಿ ಸಣ್ಣದು ಮಾಡುತ್ತಿದ್ದಳು.

ನನಗೋ ಪ್ರತಿ ತುತ್ತಿಗೂ ಗ್ಯಾಸು ಕಾಣುತ್ತಿತ್ತು. ನನ್ನ ಹೆಸರಿನ ಕನೆಕ್ಷನ್ ರದ್ದಾಗಿ ಸಬ್ಸಿಡಿಯ ಸಿಲಿಂಡರು ಕಡಿಮೆಯಾದದ್ದು ನನ್ನಿಂದ, ಉಣ್ಣುವ ಬಾಯಿ ಒಂದು ಹೆಚ್ಚಾದದ್ದೂ ನನ್ನಿಂದ. ಒಲೆಯ ಮೇಲಿನ ನೀಲಿ ಉರಿ ನನ್ನನ್ನೇ ನೋಡುತ್ತಿದೆ ಎನಿಸುತ್ತಿತ್ತು. "ನನಗ ತಂಗಳ ನಡೀತದ, ಬಿಸಿ ಮಾಡಬ್ಯಾಡ್ರಿ" ಎನ್ನುತ್ತಿದ್ದೆ. ಚಳಿಯಲ್ಲೂ ತಣ್ಣೀರು ಮೈಮೇಲೆ ಸುರಿದುಕೊಂಡು ಹಲ್ಲು ಕಡಿಯುತ್ತಿದ್ದೆ. ಅವರು ಬೇಡವೆನ್ನುವಷ್ಟು ನಾನು ಸಣ್ಣವಳಾಗುತ್ತ ಹೋದೆ, ನಾನು ಸಣ್ಣವಳಾದಷ್ಟು ಅವರ ಉಪಚಾರ ಹೆಚ್ಚಾಯಿತು.

ಮುಖ್ಯ ನಷ್ಟವೆಂದರೆ ಕೋರ್ಟು ಬಂದ್ ಆಯಿತು. ನಾನು ಕೆಳಗೆ ಬಂದ ಮೇಲೆ ಮೊದಲ ಸಲ ಗ್ಯಾಸು ತೀರಿದಾಗ, ನಾನು ಕಿವಿ ನಿಮಿರಿಸಿ ಕಾದೆ. ಲೈಟರು ಟಕ್ ಟಕ್ ಎಂದಿತು. ಸಿಲಿಂಡರನ್ನು ಅಲ್ಲಾಡಿಸಿದಳು. "ತೀರ್ತು" ಎಂದಳು, ಸಣ್ಣ ದನಿಯಲ್ಲಿ. ತಮ್ಮ ನನ್ನ ಕಡೆ ಒಮ್ಮೆ ನೋಡಿ, "ಇರಲಿ ಬಿಡ, ತರಸೋಣಂತ" ಎಂದ. ಅಷ್ಟೇ. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ. ಪಾವ್ಹಣರ ಮುಂದೆ ಜಗಳವಾಡಬಾರದಲ್ಲ. ಮಾಳಿಗೆಯ ಮೇಲೆ ಇದ್ದಾಗ ಸಂದಿನಿಂದಾದರೂ ಮನೆ ಕೇಳಿಸುತ್ತಿತ್ತು. ಈಗ ನಡುಮನೆಯಲ್ಲಿ ಕೂತರೂ ಕೇಳಿಸದಾಯಿತು. ಮಲಗಲು ಮೇಲೆ ಹೋದಾಗ, ಕೆಳಗೆ ಪಿಸುಪಿಸು ಮಾತು. ಸಂದಿಗೆ ಕಿವಿ ಹಚ್ಚುವ ಮನಸ್ಸಾಯಿತು. ಹಚ್ಚಲಿಲ್ಲ. ಕೇಳಬಾರದ್ದು ಕೇಳಿದರೆ ಎಂಬ ಚಿಂತೆ. ಏನೂ ಕೇಳದಿದ್ದರೆ ಎಂಬ ಚಿಂತೆ ಅದಕ್ಕಿಂತ ದೊಡ್ಡದು.

ಮಳೆಗಾಲ ಬಂತು. ಕೃಷ್ಣೆಗೆ ಕೆಂಪು ನೀರು ಬಂತು, ನಳಕ್ಕೂ ಬಂತು. ಬ್ಯಾಂಕಿನಲ್ಲಿ ಯಾರೋ, ಕಸಬೆ ಡಿಗ್ರಜದಲ್ಲಿ ತಮ್ಮ ಸಂಬಂಧಿಕರ ಮನೆಯಲ್ಲಿ ಎಲ್ಲರಿಗೂ ಕಾಮಣಿ, ಅಂದರೆ ಕಾಮಾಲೆ, ಆಗಿದೆ ಎಂದರು. ಸಾಕಾಯಿತು ನನಗೆ. ಮರುದಿನದಿಂದ ಎಲ್ಲರಿಗಿಂತ ಮೊದಲು ಇಳಿದು, ಮನೆಮಂದಿಗೆಲ್ಲ ಕುಡಿಯುವ ನೀರು ಕಾಯಿಸತೊಡಗಿದೆ. ಈ ಮನೆಗೆ ನನ್ನಿಂದಲೂ ಒಂದು ಉಪಯೋಗವಾಯಿತೆಂದು ಖುಷಿ. ನೀರು ಕುದಿ ಬರುತ್ತಿತ್ತು. ಕುದಿ ಸಾಕಾಯಿತೋ ಇಲ್ಲವೋ ಎಂದು ಇನ್ನಷ್ಟು ಕುದಿಸುತ್ತಿದ್ದೆ. ಆರಿಸಿ ಕೊಡಕ್ಕೆ ಹಾಕುವಾಗ ಕೊಡ ಸರಿಯಾಗಿ ತೊಳೆದಿದ್ದೆನೇ ಎಂದು ಅನುಮಾನ ಬರುತ್ತಿತ್ತು. ಅನುಮಾನ ಬಂದ ಮೇಲೆ ಏನು ಮಾಡುವುದು? ಮತ್ತೆ ಪಾತೇಲಿಗೆ ಸುರಿದು ಮತ್ತೆ ಕುದಿಸುತ್ತಿದ್ದೆ. ತಣ್ಣೀರು ಮೈಮೇಲೆ ಹಾಕಿಕೊಂಡು ಉಳಿಸಿದ ಗ್ಯಾಸಿನ ಹತ್ತು ಪಟ್ಟು ನನ್ನ ಚಿಂತೆಯೇ ಉರಿಸುತ್ತಿದೆ ಎಂಬುದು, ಬ್ಯಾಂಕಿನಲ್ಲಿ ದಿನವಿಡೀ ಕೂಡಿಸಿ ಕಳೆಯುವ ನನಗೆ ಹೊಳೆಯಲೇ ಇಲ್ಲ.

ಶ್ರಾವಣದ ಒಂದು ಬೆಳಿಗ್ಗೆ. ತಮ್ಮ ಅಂಗಡಿಗೆ ಹೊರಟಿದ್ದ, ನಾನು ಬಸ್ಸಿಗೆ ಹೊರಟಿದ್ದೆ, ಅವನ ಮಗಳು ಕಾಲೇಜಿಗೆ. ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿ ಹೆಂಚಿನ ಮೇಲೆ ಅರ್ಧ ಬೆಂದಿತ್ತು, ಇನ್ನೊಂದು ಕೈಯಲ್ಲಿತ್ತು. ಉರಿ ನೀಲಿಯಿಂದ ಹಳದಿಗೆ ತಿರುಗಿ, ಎರಡು ಸಲ ಮಿಣುಕಿ, ಆರಿತು. ಅವಳು ಲೈಟರು ಹಚ್ಚಲಿಲ್ಲ, ಸಿಲಿಂಡರು ಅಲ್ಲಾಡಿಸಲಿಲ್ಲ. ಹಿಟ್ಟಿನ ಕೈ ಹಾಗೇ ಎತ್ತಿ ನೇರ ನನ್ನ ಕಡೆ ತಿರುಗಿದಳು.

"ಅಕ್ಕಾರ! ಎಷ್ಟ ಸಲ ನೀರ ಕಾಸ್ತೀರ್ರಿ ನೀವು? ಸತ್ತ ನೀರನ್ನ ಎಬ್ಬಿಸಿ ಎಬ್ಬಿಸಿ ಮತ್ತ ಸಾಯಸ್ತೀರಲ್ಲ!"

 ತಮ್ಮ ಚಪ್ಪಲಿ ಹಾಕುತ್ತಿದ್ದವನು ಒಂದೇ ಕಾಲಲ್ಲಿ ನಿಂತ. ಅವಳೇ ಬೆದರಿ ಬಾಯಿಗೆ ಸೆರಗು ಹಿಡಿದಳು. ನಾನು "ತಪ್ಪಾತು" ಎನ್ನಬೇಕಾಗಿತ್ತು. ತಪ್ಪಾತು ಎನ್ನುವುದಕ್ಕೆ ನನಗಿಂತ ಪಳಗಿದವರು ಸಾಂಗ್ಲಿ ಮಿರಜ ಎರಡರಲ್ಲೂ ಇಲ್ಲ. ಆದರೆ ಬಾಯಿಂದ ಬಂದದ್ದು ಬೇರೆ.

"ನಾನ ಒಬ್ಬಾಕೀನ ಸುಟ್ಟಂಗ ಮಾತಾಡಬ್ಯಾಡ! ನೀ ಹೆಂಚ ಕಾಯಾಕ ಇಟ್ಟು ನಿಮ್ಮವ್ವನ ಕೂಡ ಫೋನಿನ್ಯಾಗ ಖಂಡೇ‌ರಾಜುರಿ ಸುತ್ತಾಕ ಹೋಗತಿ, ಅದಕ್ಕ ಗ್ಯಾಸ ಹತ್ತಂಗಿಲ್ಲೇನು? ಮತ್ತ ಇವನ ಚಹಾ?"

"ನನ್ನ ಯಾಕ ನಡಬರಕ ಎಳೀತಿ ಅಕ್ಕಾ?" ಎಂದ ತಮ್ಮ.

"ನಡಬರಕಲ್ಲ, ಮುಂಚೂಣ್ಯಾಗ ಇದ್ದಿ ನೀ!"

"ಆತ್ಯಾನೂ ಸುರೂ ಮಾಡಿದ್ಲು ಪಪ್ಪಾ," ಎಂದು ಅವನ ಮಗಳು ಎಂದೂ ಆಡದ ಕನ್ನಡದಲ್ಲಿ ಅಂದು, ತಕ್ಷಣ ತನ್ನ ಮೇಲೆ ಬಂದೀತೆಂದು ನೆನಪಾಗಿ, "ಮೀ ನಾಹೀ!" ಎಂದು ಹೊರಗೆ ಓಡಿದಳು.

ಅಂದು ಎಲ್ಲರ ಬುತ್ತಿಗೂ ನನ್ನ ಮಾಳಿಗೆಯ ಡಬ್ಬಿಯಿಂದ ಕಡಕ ರೊಟ್ಟಿಯೇ ಗತಿಯಾಯಿತು. ಸಿಟ್ಟಿನಲ್ಲೇ ಹತ್ತಿ, ಸಿಟ್ಟಿನಲ್ಲೇ ತಂದು, ಕಟ್ಟೆಯ ಮೇಲೆ ಕುಕ್ಕಿದೆ. ನಾಲ್ಕು ಮುರಿದವು. ಬಸ್ಸಿನಲ್ಲಿ ಕೂತಾಗಲೂ ಸಿಟ್ಟು ಇಳಿದಿರಲಿಲ್ಲ. ಅವಳಿಗೆ ಹೇಳಬೇಕಿದ್ದ ಇನ್ನೂ ಒಳ್ಳೊಳ್ಳೆ ಮಾತುಗಳು ಈಗ ಒಂದೊಂದಾಗಿ ಹೊಳೆಯುತ್ತಿದ್ದವು. ವಿಶ್ರಾಮಬಾಗ ದಾಟಿದ ಮೇಲೆ ಗಮನಕ್ಕೆ ಬಂತು: ಕೆಳಗೆ ಉಣ್ಣತೊಡಗಿದ ಮೇಲೂ ಬಿಡದಿದ್ದ ರೆಗ್ಯುಲೇಟರಿನ ಚಿಂತೆ ಅಂದು ಬಂದೇ ಇರಲಿಲ್ಲ.

ಸಂಜೆ ತಮ್ಮ ಪೂರಾ ದರದ ಸಿಲಿಂಡರು ತಂದು ಹಚ್ಚಿದ್ದ. ತಮ್ಮನ ಹೆಂಡತಿ ನನ್ನ ಕೂಡ ಮಾತು ಬಿಟ್ಟಿದ್ದಳು. ಎಲ್ಲರಿಗೂ ಬಡಿಸಿದ ಮೇಲೆ ಕೊನೆಗೆ ನನಗೊಂದು ತಾಟು ತಳ್ಳಿದಳು. ಅಂಚು ನೆಗ್ಗಿದ, ಮನೆಯವರೆಲ್ಲ ಉಣ್ಣುವಂಥ ತಾಟು. ಅದರ ಮೇಲೆ ಒಂದು ಬದಿ ಸೀದ ರೊಟ್ಟಿ. ತಮ್ಮ ಬನಿಯನ್ನಿನಲ್ಲೇ ಕೂತು ಉಣ್ಣುತ್ತಿದ್ದ. ಟೀವಿ ಜೋರಾಗಿತ್ತು.

"ಉರಿ ಸಣ್ಣದ ಇಟ್ಟಿದ್ರ ಸೀಯತಿರಲಿಲ್ಲ," ಎಂದೆ.

ಅವಳು ಬುಟ್ಟಿಯಲ್ಲಿ ಕೈಯಾಡಿಸಿ, ಇನ್ನೊಂದು ಸೀದದ್ದನ್ನೇ ಹುಡುಕಿ ನನ್ನ ತಾಟಿಗೆ ಹಾಕಿದಳು.